‘ಮುಳುಗು ತಜ್ಞ’ ಬೇಡ, ಬೇರೆ ಪದ ಇದೆಯಾ? (ಹಳೆಯ ಕಡಲಾಳದ ಕಾಮಿಕ್ಸ್)

ಎಲ್ಲರಿಗೂ ನಮಸ್ಕಾರ.

ಕೋಲಾರದ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಹಳೆಯ ಕಾಮಿಕ್ಸ್ ಪುಸ್ತಕಗಳನ್ನು ಮಕ್ಕಳಿಗೆ ತೋರಿಸಬೇಕು ಅಂತಿದ್ದೇವೆ. ಎಲ್ಲವೂ ಇಂಗ್ಲಿಷಿನವು, ಜಾಸ್ತಿ ಸಮುದ್ರದ ತಳದ ಸಾಹಸಗಳು. ಚಿಕ್ಕಪ್ಪ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿ ಹುಡುಕಿ ತಂದವು. ಒಂದೊಂದರ ಪಕ್ಕದಲ್ಲೂ ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡುವ ಕೆಲಸ ನನ್ನದು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕಡಲಿಗಿಳಿಯುವ ಹೀರೋನನ್ನು ಏನಂತ ಕರೆಯೋಣ?

ಪತ್ರಿಕೆಗಳಲ್ಲಿ ‘ಮುಳುಗು ತಜ್ಞ’ ಅಂತ ಬರುತ್ತೆ. ಅರ್ಥ ಸರಿಯೇ. ಆದರೆ ನಮ್ಮ ಕಡೆ ಆ ಪದ ಕಿವಿಗೆ ಬೀಳೋದು ಯಾರೋ ಕೆರೆಗೆ ಬಿದ್ದು, ಶವ ಹುಡುಕುವಾಗ. ಜೊತೆಗೆ ‘ತಜ್ಞ’ ಅಂದ ಕೂಡಲೇ ಕನ್ನಡಕ ಹಾಕಿಕೊಂಡು ವರದಿ ಬರೆಯುವವರು ಕಣ್ಣಮುಂದೆ ಬರುತ್ತಾರೆ. ಶಾರ್ಕಿನ ಬಾಯಿಂದ ತಪ್ಪಿಸಿಕೊಳ್ಳುವವನಿಗೆ ಇದು ಒಗ್ಗಲ್ಲ, ಅಲ್ವಾ?

ಇಂಥವನಿಗೆ ಇಂಗ್ಲಿಷಿನಲ್ಲಿರುವ ‘ಫ್ರಾಗ್‌ಮ್ಯಾನ್’ ಅನ್ನೋದನ್ನು ‘ಕಪ್ಪೆ ಮನುಷ್ಯ’ ಅಂತ ಮಾಡಿದರೆ ಮಕ್ಕಳು ನಕ್ಕು ಸುಸ್ತಾಗುತ್ತಾರೆ. ಕನ್ನಡದಲ್ಲಿ ಕಪ್ಪೆ ಅಂದರೆ ಬಾವಿ ಬಿಟ್ಟು ಆಚೆ ಬಾರದ್ದು. ಇವನೋ ಮನೆ ಬಿಟ್ಟು ಕಡಲು ಸೇರಿದವನು. ಗೆಳೆಯರೊಬ್ಬರು ಕಾಲಾಳು ಇದ್ದ ಹಾಗೆ ‘ಮುಳುಗಾಳು’ ಅಂದರು. ನನಗೆ ಹಿಡಿಸಿತು. ಅವರ ಮನೆಯವರಿಗೆ ಮಾತ್ರ ಅದು ‘ಮುಳುಗಿಯಾಳು’ ಅಂತ ಕೇಳಿಸಿತಂತೆ, ಯಾರೋ ಹುಡುಗಿಯ ಬಗ್ಗೆ ಗಾಬರಿಯಾದರು! ‘ನೀರಡಿ ಸಾಹಸ’ ಅನ್ನೋಣ ಅಂದರೆ ‘ನೀರಡಿಕೆ’ ನೆನಪಾಗುತ್ತೆ. ಕೋಲಾರದಲ್ಲಿ ಕೂತು ಆ ಪದ ಬಳಸೋಕೆ ಧೈರ್ಯ ಬೇಕು. ‘ಕಡಲಾಳ’ ಇರಲಿ ಅಂತ ಬಿಟ್ಟಿದ್ದೇನೆ.

ಈ ಪುಸ್ತಕಗಳ ಸೆಳೆತ ಏನು ಅಂತ ಹೇಳಿದರೆ ನಿಮಗೆ ಪದ ಹೊಳೆಯಬಹುದು. ನನ್ನ ಮೆಚ್ಚಿನದು ‘ಸೀ ಡೆವಿಲ್ಸ್’. ಬರೆದವರು ರಾಬರ್ಟ್ ಕ್ಯಾನಿಗರ್, ಚಿತ್ರ ರಸ್ ಹೀತ್ ಅವರದು. 1960ರಲ್ಲಿ ‘ಶೋಕೇಸ್’ ಪತ್ರಿಕೆಯಲ್ಲಿ ಶುರುವಾಗಿ, 1961ರಿಂದ 1967ರವರೆಗೆ ಸ್ವಂತ ಹೆಸರಲ್ಲಿ 35 ಸಂಚಿಕೆ ಬಂತು. ನಾಲ್ವರ ತಂಡ, ಯಾರಿಗೂ ಮಂತ್ರಶಕ್ತಿ ಇಲ್ಲ. 1941ರಲ್ಲಿ ಬಂದ ಇನ್ನೊಬ್ಬ ಕಾಮಿಕ್ಸ್ ಹೀರೋ ಆಕ್ವಾಮ್ಯಾನ್ ನೀರಲ್ಲೇ ಉಸಿರಾಡುತ್ತಾನೆ, ಅವನಿಗೇನು ಕಷ್ಟ? ಇವರಿಗೆ ಗಾಳಿ ಮುಗಿಯುತ್ತೆ. ಕಥೆಯ ಬಿಗಿ ಇರೋದು ಅಲ್ಲೇ. ಮುಖಪುಟಗಳಲ್ಲಿ ಕೆಲವಕ್ಕೆ ಮೊದಲು ಬೂದುಬಣ್ಣದಲ್ಲಿ ನೆರಳು ತುಂಬಿ ಆಮೇಲೆ ಬಣ್ಣ ಕೊಟ್ಟಿದ್ದಾರೆ. ನೀರಿನ ಮಬ್ಬು ಬೆಳಕು ನಿಜವಾಗಿಯೂ ಕಾಣಿಸುತ್ತೆ.

ಇನ್ನೊಂದು ಮಜಾ. ಬಾಯಲ್ಲಿ ಉಸಿರಾಟದ ನಳಿಗೆ ಇದ್ದಾಗ ಮಾತು ಆಡೋಕಾಗಲ್ಲ. ಹೀಗಾಗಿ ಇಂಥ ಕಥೆಗಳಲ್ಲಿ ಕೈಸನ್ನೆ, ಮನಸ್ಸಿನ ಮಾತು ಜಾಸ್ತಿ. ಮನಸ್ಸಿನ ಮಾತಿನ ಬಲೂನಿಗೆ ಬಾಲ ಇರಲ್ಲ, ಬದಲಿಗೆ ಪುಟ್ಟ ಗುಳ್ಳೆಗಳು. ಪಕ್ಕದಲ್ಲೇ ಉಸಿರಿನ ಗುಳ್ಳೆಗಳೂ ಏಳುತ್ತಿರುತ್ತವೆ. ಯಾವುದು ಉಸಿರು, ಯಾವುದು ಯೋಚನೆ ಅಂತ ಚಿಕ್ಕಂದಿನಲ್ಲಿ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಸುಮ್ನೆ ಒಂದು ತಕರಾರು. ‘ಆಮ್ಲಜನಕದ ಸಿಲಿಂಡರ್ ಹೊತ್ತು ಇಳಿದರು’ ಅಂತ ಬರೆಯಬೇಡಿ. ಫ್ರಾನ್ಸಿನ ಕುಸ್ತೊ ಮತ್ತು ಗಾನ್ಯಾನ್ 1943ರಲ್ಲಿ ಮಾಡಿದ, ನೀರೊಳಗೆ ಉಸಿರಾಡುವ ಸಾಧನ ಆಕ್ವಾಲಂಗ್‌ನಲ್ಲಿ ಇದ್ದಿದ್ದು ಒತ್ತಿ ತುಂಬಿದ ಬರೀ ಗಾಳಿ. ಶುದ್ಧ ಆಮ್ಲಜನಕ ಸುಮಾರು 6 ಮೀಟರ್ ಆಳ ದಾಟಿದರೆ ವಿಷದ ಹಾಗೆ ಕೆಲಸ ಮಾಡುತ್ತೆ, ಫಿಟ್ಸ್ ಬರಬಹುದು. ‘ಗಾಳಿ ಸಿಲಿಂಡರ್’ ಅಂದರೆ ಸಾಕು.

ನಮ್ಮೂರ ಮಾತಿನಲ್ಲಿ ಏನಿದೆ ಅಂತಲೂ ಕೇಳಿ ನೋಡಿದೆ. ‘ಡೈ ಹೊಡಿಯೋದು’ ಅಂದರೆ ಬಾವಿ ಕಟ್ಟೆಯಿಂದ ಹಾರೋದು. ‘ದಮ್ಮು ಕಟ್ಟೋದು’ ಅಂದರೆ ಉಸಿರು ಹಿಡಿದು ಒಳಗೇ ಇರೋದು. ‘ಮಣ್ಣು ತರೋದು’ ಅಂದರೆ ತಳ ಮುಟ್ಟಿದ್ದಕ್ಕೆ ಸಾಕ್ಷಿ. ಬಾವಿಗೆ ಬಿದ್ದ ಬಿಂದಿಗೆ ಎತ್ತೋಕೆ ಪಾತಾಳಗರಡಿ ಇತ್ತು, ಎಂಥಾ ಹೆಸರು ನೋಡಿ! ಕಾಮಿಕ್ಸ್ ತಂಡಕ್ಕೆ ಅದನ್ನೇ ಇಡೋ ಆಸೆ ಆಯಿತು. ಆದರೆ ಕೊಕ್ಕೆಗಳ ಗೊಂಚಲನ್ನು ಮನುಷ್ಯರಿಗೆ ಹೇಗೆ ಹೇಳೋದು? ಕೆಲಸಗಳಿಗೆಲ್ಲ ಪದ ಸಿಕ್ಕಿತು, ಮಾಡುವವನಿಗೆ ಸಿಗಲಿಲ್ಲ. ಕೆರೆ ನೀರು ಬಿಡೋಕೆ ನೀರಗಂಟಿ ಇದ್ದ. ತೂಬಿಗೆ ಕಸ ಸಿಕ್ಕಿದಾಗ ಮುಳುಗಿ ಬಿಡಿಸುವವನನ್ನು ಯಾವ ಹೆಸರಿಂದ ಕರೆಯುತ್ತಿದ್ದರು? ತುಮಕೂರು, ಚಿಕ್ಕಬಳ್ಳಾಪುರದ ಕಡೆಯವರು ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಕರಾವಳಿಯವರೂ ಹೇಳಿ: ಬಂಡೆಗೆ ಅಂಟಿದ ಚಿಪ್ಪಿ ತೆಗೆಯೋಕೆ ಮುಳುಗುವವರಿಗೆ ನಿಮ್ಮಲ್ಲಿ ಏನಂತಾರೆ?

ಮತ್ತೆ ‘ಡೆವಿಲ್ಸ್’ಗೆ ‘ರಾಕ್ಷಸರು’ ಬೇಡ, ಅದು ಬೈಗುಳ ಆಗುತ್ತೆ. ಸದ್ಯಕ್ಕೆ ‘ಕಡಲ ಕಿಲಾಡಿಗಳು’ ಅಂತ ಬರೆದಿಟ್ಟಿದ್ದೇನೆ. ಇದಕ್ಕಿಂತ ಚೆನ್ನಾಗಿರೋದು ಇದ್ದರೆ ಕೊಡಿ, ಬದಲಾಯಿಸುತ್ತೇನೆ.