‘ಗೊತ್ತು’, ‘ಬರುತ್ತೆ’, ‘ಕೈ ಪಳಗಿದೆ’: ಪ್ರೋಗ್ರಾಮರ್‌ಗಳ ಸಾಮರ್ಥ್ಯ ನೋಡುವ ಹಾಳೆಗೆ ಪದಗಳು ಬೇಕು

ಗೆಳೆಯರೇ, ನಮಸ್ಕಾರ.

ಡೇಟಾಬೇಸ್ ಇಟ್ಟುಕೊಂಡು ಅಪ್ಲಿಕೇಶನ್ ಕಟ್ಟುವ ಪ್ರೋಗ್ರಾಮರ್‌ಗಳಿಗೆ ಕೆಲಸ ಎಷ್ಟು ಬರುತ್ತದೆ ಅಂತ ನೋಡಲು ಕನ್ನಡದಲ್ಲಿ ಒಂದು ಹಾಳೆ ಸಿದ್ಧ ಮಾಡುತ್ತಿದ್ದೇನೆ. ಸಂದರ್ಶನ ಮಾಡುವವರು ಅದನ್ನು ಮುಂದಿಟ್ಟುಕೊಂಡು ಗುರುತು ಹಾಕುತ್ತಾ ಹೋಗಬೇಕು. ಟೇಬಲ್, ಕ್ವೆರಿ, ಇಂಡೆಕ್ಸ್, ಜಾಯಿನ್ ಇವೆಲ್ಲ ಹಾಗೇ ಇರಲಿ. ಅವನ್ನು ಕೋಷ್ಟಕ, ಸೂಚಿ ಅಂತ ಬದಲಾಯಿಸಿದರೆ ದಿನವಿಡೀ ಅದೇ ಕೆಲಸ ಮಾಡುವವರೇ ತಡವರಿಸುತ್ತಾರೆ. ನನಗೆ ತೊಡಕಾಗಿರುವುದು ಸಾಮರ್ಥ್ಯದ ಮಟ್ಟ ಹೇಳುವ ಪದಗಳಲ್ಲಿ.

ಇಂಥ ಹಾಳೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘ಪ್ರಾಥಮಿಕ ಕೌಶಲ್ಯ, ಮಧ್ಯಮ ಕೌಶಲ್ಯ, ಉನ್ನತ ಕೌಶಲ್ಯ’. ಓದಲು ಚೆನ್ನಾಗಿದೆ, ಆದರೆ ಯಾರನ್ನು ಎಲ್ಲಿ ಕೂರಿಸಬೇಕು ಅಂತ ಇದರಿಂದ ತಿಳಿಯುವುದಿಲ್ಲ. ಹೀಗಾಗಿ ಇಬ್ಬರು ಸಂದರ್ಶಕರು ಒಬ್ಬನೇ ಅಭ್ಯರ್ಥಿಗೆ ಬೇರೆ ಬೇರೆ ಮಟ್ಟ ಕೊಡುತ್ತಾರೆ. ಇದಕ್ಕಿಂತ ನಾವು ಮಾತಿನಲ್ಲಿ ಬಳಸುವ ಕ್ರಿಯಾಪದಗಳೇ ಎಷ್ಟೋ ವಾಸಿ ಅನ್ನಿಸುತ್ತದೆ. ‘ಈಜು ಗೊತ್ತು’ ಅನ್ನುವುದಕ್ಕೂ ‘ಈಜು ಬರುತ್ತೆ’ ಅನ್ನುವುದಕ್ಕೂ ಇರುವ ವ್ಯತ್ಯಾಸ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ವಿಷಯದಲ್ಲೂ ಅಷ್ಟೇ.

ಹಾಳೆಯಲ್ಲಿರುವ ಒಂದು ಪ್ರಶ್ನೆಯನ್ನೇ ನೋಡಿ. ಒಂದು ಟೇಬಲ್‌ನಲ್ಲಿ ಗ್ರಾಹಕರು, ಇನ್ನೊಂದರಲ್ಲಿ ಅವರ ಆರ್ಡರ್‌ಗಳು. ಈ ವರ್ಷ ಒಂದೂ ಆರ್ಡರ್ ಮಾಡದ ಗ್ರಾಹಕರ ಪಟ್ಟಿ ಬೇಕು. ಎರಡು ಟೇಬಲ್ ಜೋಡಿಸುವ ಲೆಫ್ಟ್ ಜಾಯಿನ್ ಅಂದರೇನು ಅಂತ ಕೇಳಿದರೆ ‘ಎಡಗಡೆ ಟೇಬಲ್‌ನ ಎಲ್ಲ ಸಾಲೂ ಬರುತ್ತೆ, ಬಲಗಡೆ ಜೋಡಿ ಸಿಗದಿದ್ದರೆ ನಲ್ ಬರುತ್ತೆ’ (ನಲ್ ಅಂದರೆ ಅಲ್ಲಿ ಬೆಲೆ ಇಲ್ಲ ಅನ್ನುವ ಗುರುತು) ಅಂತ ಥಟ್ಟನೆ ಹೇಳುವವರು ಬೇಕಾದಷ್ಟು ಜನ. ಅದೇ ಜನ ಬರೆಯಲು ಕೂತಾಗ ವರ್ಷದ ಷರತ್ತನ್ನು, ಜೋಡಿಸಿದ ಮೇಲೆ ಸಾಲುಗಳನ್ನು ಸೋಸುವ ವೇರ್ ಭಾಗಕ್ಕೆ ಹಾಕುತ್ತಾರೆ. ಆರ್ಡರ್ ಇಲ್ಲದ ಗ್ರಾಹಕರ ಸಾಲಿನಲ್ಲಿ ಆರ್ಡರ್‌ನ ತಾರೀಕೇ ನಲ್ ಆಗಿರುವುದರಿಂದ ನಮಗೆ ಬೇಕಾದ ಸಾಲುಗಳೇ ಉದುರಿಹೋಗುತ್ತವೆ. ಪಟ್ಟಿ ಖಾಲಿ ಬರುತ್ತದೆ. ಷರತ್ತು ಇರಬೇಕಾದ್ದು ಯಾವ ಸಾಲಿಗೆ ಯಾವುದು ಜೋಡಿ ಅಂತ ಹೇಳುವ, ಜಾಯಿನ್‌ನ ಆನ್ ಭಾಗದಲ್ಲಿ. ಇವರಿಗೆ ಲೆಫ್ಟ್ ಜಾಯಿನ್ ಗೊತ್ತು, ಬರುವುದಿಲ್ಲ. ಷರತ್ತನ್ನು ಸರಿಯಾದ ಜಾಗದಲ್ಲಿಟ್ಟು ಪಟ್ಟಿ ತೆಗೆದುಕೊಟ್ಟವರಿಗೆ ಬರುತ್ತದೆ.

ಮೂರನೆಯವರು ಬರೆಯುವ ಮೊದಲೇ ಎರಡು ಮಾತು ಕೇಳುತ್ತಾರೆ. ‘ಈ ವರ್ಷ’ ಅಂದರೆ ಜನವರಿಯಿಂದಲೋ, ಲೆಕ್ಕದ ವರ್ಷ ಬೇರೆ ಇದೆಯೋ? ಆರ್ಡರ್ ಮಾಡಿ ರದ್ದು ಮಾಡಿದವರು ಪಟ್ಟಿಯಲ್ಲಿ ಇರಬೇಕೋ ಬೇಡವೋ? ಆಮೇಲೆ ‘ಆ ಪಟ್ಟಿಯಲ್ಲಿ ಇಲ್ಲದವರು’ ಅನ್ನುವ ‘ನಾಟ್ ಇನ್’ ಹಾಕಿ ಬರೆಯಬಹುದಲ್ಲ ಅಂತ ನಾವು ಕೆಣಕಿದರೆ, ಆರ್ಡರ್ ಟೇಬಲ್‌ನ ಗ್ರಾಹಕ ಸಂಖ್ಯೆಯ ಕಾಲಂನಲ್ಲಿ ಒಂದೇ ಒಂದು ನಲ್ ಇದ್ದರೂ ಇಡೀ ಪಟ್ಟಿ ಖಾಲಿಯಾಗುತ್ತದೆ ಅಂತ ಎಚ್ಚರಿಸುತ್ತಾರೆ. ಪಟ್ಟಿ ಬಂದ ಮೇಲೂ ಸುಮ್ನೆ ಕೊಟ್ಟುಬಿಡುವುದಿಲ್ಲ. ಆರ್ಡರ್ ಮಾಡಿದವರನ್ನೂ ಮಾಡದವರನ್ನೂ ಕೂಡಿಸಿ, ಒಟ್ಟು ಗ್ರಾಹಕರ ಸಂಖ್ಯೆಗೆ ತಾಳೆ ನೋಡುತ್ತಾರೆ. ಇವರ ಕೈ ಪಳಗಿದೆ.

ಹೀಗೆ ಮೂರು ಮಟ್ಟ ಸಿಕ್ಕವು. ಆದರೆ ಕಾಲಂಗಳಿಗೆ ತಲೆಬರಹ ಬರೆಯಬೇಕು, ಅಲ್ಲಿ ನಾಮಪದ ಬೇಕಾಗುತ್ತದೆ. ‘ಗೊತ್ತು’ ಇದ್ದಲ್ಲಿ ‘ತಿಳಿವಳಿಕೆ’ ಹಾಕಬಹುದು, ತಕರಾರಿಲ್ಲ. ‘ಬರುತ್ತೆ’ ಅನ್ನುವುದಕ್ಕೆ? ‘ಬರುವಿಕೆ’ ಅಂದರೆ ಯಾರದೋ ಆಗಮನಕ್ಕೆ ಕಾದು ಕೂತ ಹಾಗಾಗುತ್ತದೆ. ‘ಬಲ್ಲ’ ಒಳ್ಳೆಯ ಪದ. ಆದರೆ ಅದು ತಿಳಿದಿರುವುದನ್ನೂ ಹೇಳುತ್ತದೆ (ವಿಷಯ ಬಲ್ಲವರು), ಮಾಡಲು ಆಗುವುದನ್ನೂ ಹೇಳುತ್ತದೆ (ಬರೆಯಬಲ್ಲರು). ನಾನು ಬೇರೆ ಮಾಡಲು ಹೊರಟ ಎರಡನ್ನೂ ಅದು ಮತ್ತೆ ಒಂದು ಮಾಡಿಬಿಡುತ್ತದೆ. ‘ಚಳಕ’ ಅಂದರೆ ಕೈಚಳಕ ನೆನಪಾಗುತ್ತದೆ. ಅದರಲ್ಲಿ ಕಣ್ಣುಕಟ್ಟಿನ ವಾಸನೆ ಇದೆ, ಡೇಟಾ ನೋಡಿಕೊಳ್ಳುವವರಿಗೆ ಹೇಳುವ ಮಾತಲ್ಲ.

ಮೂರನೆಯದಕ್ಕೆ ‘ಪಳಗಿಕೆ’ ಅಂದುಕೊಂಡಿದ್ದೆ. ಆದರೆ ‘ಪಳಗಿದ ಪ್ರೋಗ್ರಾಮರ್’ ಅಂತ ಬರೆದು ನೋಡಿ: ಯಾರೋ ಹಿಡಿದು ತಂದು ಪಳಗಿಸಿದ ಹಾಗೆ ಕೇಳಿಸುತ್ತದೆ. ‘ಕೈ’ ಜೊತೆಗಿದ್ದರೆ ಮಾತ್ರ ಅದು ಹೊಗಳಿಕೆ. ‘ನುರಿತ’ ವಿಶೇಷಣವಾಗಿ ಚೆನ್ನಾಗಿದೆ, ‘ನುರಿತವರು’ ಅಂತಲೂ ಆಗುತ್ತದೆ. ‘ಕರಗತ’ ನನಗೆ ಜಾಸ್ತಿ ಅನ್ನಿಸುತ್ತದೆ. ಡೇಟಾಬೇಸ್ ಕರಗತವಾಗಿದೆ ಅನ್ನುವವರ ಮೇಲೆ ನನಗೆ ಸ್ವಲ್ಪ ಅನುಮಾನವೇ.

ಇನ್ನು ಹಾಳೆಯ ಹೆಸರು. ‘ಮೌಲ್ಯಮಾಪನ’ ಅಂದ ತಕ್ಷಣ ಉತ್ತರಪತ್ರಿಕೆ, ಕೆಂಪು ಶಾಯಿ, ಅಂಕ ಇವೇ ಕಣ್ಣ ಮುಂದೆ ಬರುತ್ತವೆ. ಸರಿ ತಪ್ಪು ಹೇಳಿ ಅಂಕ ಕೊಡುವ ಕೆಲಸ ಅದು. ಇಲ್ಲಿ ಅಭ್ಯರ್ಥಿ ಯಾವ ಪ್ರಶ್ನೆ ಕೇಳಿದ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ‘ಒರೆಗೆ ಹಚ್ಚುವುದು’ ಅರ್ಥಕ್ಕೆ ಹತ್ತಿರ, ಆದರೆ ಹಾಳೆಯ ಮೇಲೆ ‘ಒರೆ’ ಅಂತ ಬರೆದರೆ ತಮಾಷೆಯಾಗುತ್ತದೆ. ಸದ್ಯಕ್ಕೆ ‘ಸಾಮರ್ಥ್ಯ ಪರಿಶೀಲನೆ’ ಅಂತ ಇಟ್ಟಿದ್ದೇನೆ.

‘ಡೇಟಾ ಚಾಲಿತ ಅಪ್ಲಿಕೇಶನ್’ ಅನ್ನುವುದನ್ನು ಕೆಲವರು ಬರೆಯುತ್ತಾರೆ. ನನಗೆ ಒಗ್ಗುತ್ತಿಲ್ಲ. ವಿದ್ಯುತ್ ಚಾಲಿತ ಅಂದರೆ ಕರೆಂಟಿನಿಂದ ಓಡುವುದು. ಡೇಟಾದಿಂದ ಓಡುವುದು ಅಂದರೇನು? ಫೋನ್ ಹಿಡಿದವರಿಗೆ ಡೇಟಾ ಅಂದರೆ ತಿಂಗಳ ಕೊನೆಗೆ ಖಾಲಿಯಾಗುವ ವಸ್ತು ಬೇರೆ. ಅಂಕಿ ಅಂಶ ನೋಡಿ ತೀರ್ಮಾನ ತೆಗೆದುಕೊಳ್ಳುವುದಕ್ಕೂ ಇದೇ ‘ಡೇಟಾ ಚಾಲಿತ’ ಬಳಕೆಯಾಗುತ್ತಿದೆ, ಹಾಗಾಗಿ ಗೊಂದಲ ಇನ್ನೂ ಹೆಚ್ಚು. ನಮ್ಮ ಹಾಳೆಗೆ ಬೇಕಾದ್ದು ಇಷ್ಟೇ: ಡೇಟಾವನ್ನು ಸೇರಿಸುವ, ತಿದ್ದುವ, ಹುಡುಕುವ, ಕಾಪಾಡುವ ಅಪ್ಲಿಕೇಶನ್. ‘ಡೇಟಾ ಆಧಾರಿತ’ ಸಾಕೇನೋ. ‘ದತ್ತಾಂಶ’ ಬಳಸಲು ನನ್ನ ಅಡ್ಡಿ ಇಲ್ಲ. ‘ದತ್ತ’ ಅಂದರೆ ಕೊಟ್ಟದ್ದು, ಲ್ಯಾಟಿನ್‌ನಲ್ಲಿ ಡೇಟಾ ಅಂದರೂ ಕೊಟ್ಟವು ಅಂತಲೇ. ಆದರೆ ಸಂದರ್ಶನದಲ್ಲಿ ಬಾಯಿಂದ ಬರುವುದು ಡೇಟಾನೇ.

ತಾಂತ್ರಿಕ ಪದಗಳ ಗೊಡವೆ ಬೇಡ ಅಂದೆನಲ್ಲ, ಎರಡನ್ನು ಮಾತ್ರ ಬಿಡಲಾಗಲಿಲ್ಲ. ಮೊದಲನೆಯದು ನಲ್. ಇದನ್ನು ‘ಶೂನ್ಯ’ ಅಂತ ಬರೆದಿರುವುದನ್ನು ನೋಡಿದ್ದೇನೆ. ಅದು ತಪ್ಪು. ಸೊನ್ನೆ ಒಂದು ಬೆಲೆ, ನಲ್ ಬೆಲೆಯೇ ಅಲ್ಲ. ‘ಖಾಲಿ’ ಅಂದರೂ ಸರಿಹೋಗುವುದಿಲ್ಲ, ಅಕ್ಷರವೇ ಇಲ್ಲದ ಪಠ್ಯ ಬೇರೆ, ನಲ್ ಬೇರೆ. ಫೋನ್ ನಂಬರ್ ಕಾಲಂನಲ್ಲಿ ನಲ್ ಇದ್ದರೆ ಆ ವ್ಯಕ್ತಿಗೆ ಫೋನ್ ‘ಇಲ್ಲ’ ಅಂತಲೋ, ಇದೆಯೋ ಇಲ್ಲವೋ ನಮಗೆ ‘ಗೊತ್ತಿಲ್ಲ’ ಅಂತಲೋ? ಕನ್ನಡದಲ್ಲಿ ಇವು ಎರಡು ಉತ್ತರ. 1970ರಲ್ಲಿ ಡೇಟಾವನ್ನು ಟೇಬಲ್‌ಗಳಾಗಿ ಇಡುವ ರಿಲೇಷನಲ್ ಮಾದರಿಯನ್ನು ಮುಂದಿಟ್ಟ ಎಡ್ಗರ್ ಕಾಡ್ ಅವರೇ ಮುಂದೆ ಇವೆರಡಕ್ಕೂ ಬೇರೆ ಬೇರೆ ಗುರುತು ಇರಬೇಕು ಅಂದಿದ್ದರು. ಎಸ್‌ಕ್ಯೂಎಲ್ ಒಂದೇ ನಲ್‌ನಲ್ಲಿ ಸುಧಾರಿಸಿಕೊಂಡು ಬಂದಿದೆ. ಅದರಲ್ಲಿ ನಲ್‌ಗೆ ನಲ್ ಸಮವೇ ಅಂತ ಕೇಳಿದರೆ ಹೌದು ಅಂತಲೂ ಬರುವುದಿಲ್ಲ, ಅಲ್ಲ ಅಂತಲೂ ಬರುವುದಿಲ್ಲ. ಮೇಲೆ ಹೇಳಿದ ‘ನಾಟ್ ಇನ್’ ಕಿತಾಪತಿಯ ಬೇರು ಇದೇ. ಹಾಗಾಗಿ ಹಾಳೆಯಲ್ಲಿ ಪದವನ್ನು ‘ನಲ್’ ಅಂತಲೇ ಬಿಟ್ಟು, ‘ಇಲ್ಲ ಮತ್ತು ಗೊತ್ತಿಲ್ಲ ಇವುಗಳ ವ್ಯತ್ಯಾಸ ಗಮನಿಸುತ್ತಾರೆಯೇ?’ ಅಂತ ಒಂದು ಸಾಲು ಸೇರಿಸಿದ್ದೇನೆ. ಟೇಬಲ್ ವಿನ್ಯಾಸ ಮಾಡಿಸುವಾಗ ಈ ಸಾಲು ತುಂಬ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ‘ನಾರ್ಮಲೈಸೇಶನ್’, ಅಂದರೆ ಟೇಬಲ್‌ಗಳನ್ನು ಒಡೆದು ಪುನರಾವರ್ತನೆ ತಪ್ಪಿಸುವುದು. ಇದಕ್ಕೆ ‘ಸಾಮಾನ್ಯೀಕರಣ’ ಬೇಡ, ಅದು ಬೇರೆ ಅರ್ಥದಲ್ಲಿ ಆಗಲೇ ಬೀಡುಬಿಟ್ಟಿದೆ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಇದೇ ಹೆಸರಿನ ಇನ್ನೊಂದು ಕೆಲಸವೂ ಇದೆ, ಅದು ಕನ್ನಡದ ಡೇಟಾಗೆ ನೇರವಾಗಿ ತಟ್ಟುತ್ತದೆ. ‘ಗೋಪಾಲ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಬಿಡಿ ಬಿಡಿ ಸಂಕೇತಗಳ ಸಾಲಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಮೊದಲೇ ಒಂದೇ ರೂಪಕ್ಕೆ ತಂದಿರದಿದ್ದರೆ ಹುಡುಕಿದಾಗ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ‘ಏಕರೂಪಕ್ಕೆ ತರುವುದು’ ಅನ್ನುವುದು ಇಲ್ಲಿಗೆ ಹೊಂದುತ್ತದೆ, ಟೇಬಲ್‌ಗಳನ್ನು ಒಡೆದು ಪುನರಾವರ್ತನೆ ತಪ್ಪಿಸುವುದಕ್ಕೆ ಹೊಂದುವುದಿಲ್ಲ.

ಈಗ ನನಗೆ ನಿಮ್ಮಿಂದ ಬೇಕಾದ್ದು ಮುಖ್ಯವಾಗಿ ಒಂದು. ‘ಬರುತ್ತೆ’ ಅನ್ನುವುದಕ್ಕೆ ತಲೆಬರಹದಲ್ಲಿ ನಿಲ್ಲುವ ನಾಮಪದ ನಿಮ್ಮ ಕಡೆಯ ಮಾತಿನಲ್ಲಿ ಏನಾದರೂ ಇದೆಯೇ? ಇಲ್ಲವಾದರೆ ತಲೆಬರಹಗಳನ್ನೇ ಪೂರ್ತಿ ವಾಕ್ಯ ಮಾಡಿಬಿಡುತ್ತೇನೆ: ‘ಕೇಳಿದರೆ ಹೇಳುತ್ತಾರೆ’, ‘ಕೊಟ್ಟರೆ ಮಾಡುತ್ತಾರೆ’, ‘ಕೊಟ್ಟದ್ದರಲ್ಲಿ ತಪ್ಪಿದ್ದರೆ ಹಿಡಿಯುತ್ತಾರೆ’. ಕಾಲಂ ಸ್ವಲ್ಪ ಅಗಲವಾಗುತ್ತದೆ, ಅಷ್ಟೇ.