ಚೇರ್‌ಲಿಫ್ಟ್ ಹಗ್ಗ ನಿಲ್ಲೋದೇ ಇಲ್ಲ, ಕುರ್ಚಿ ಮಾತ್ರ ಹೇಗೆ ನಿಧಾನ ಆಗುತ್ತೆ?

ಡೆನ್ವರ್ ಅಮ್ಮ:
ಕಳೆದ ಶನಿವಾರ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಮೊದಲ ಸಲ ಸ್ಕೀ ಬೆಟ್ಟಕ್ಕೆ ಹೋಗಿದ್ದೆ. ಮೇಲಕ್ಕೆ ಹೋಗಲು ಚೇರ್‌ಲಿಫ್ಟ್, ಅಂದರೆ ಓಡುವ ಹಗ್ಗಕ್ಕೆ ನೇತಾಡುವ ಕುರ್ಚಿಗಳ ಸಾಲು. ಕೆಳಗಿನ ಸ್ಟೇಷನ್‌ನಲ್ಲಿ ಕುರ್ಚಿ ಮೆಲ್ಲಗೆ ಬಂದು ಮೊಣಕಾಲ ಹಿಂದೆ ತಾಗಿತು. ಕೂತು ಸ್ವಲ್ಪ ಹೊತ್ತಿಗೇ ಜೋರಾಗಿ ಹೊರಟಿತು. ತಲೆ ಎತ್ತಿ ನೋಡಿದರೆ ಹಗ್ಗ ಮಾತ್ರ ಮೊದಲಿಂದಲೂ ಒಂದೇ ವೇಗದಲ್ಲಿ ಓಡುತ್ತಿತ್ತು. ಇದು ಹೇಗೆ?

ಇನ್ನೊಂದು. ಅರ್ಧ ದಾರಿಯಲ್ಲಿ ಲಿಫ್ಟ್ ನಿಂತುಬಿಟ್ಟಿತು. ಕುರ್ಚಿ ಮೇಲೆ ಕೆಳಗೆ ತೂಗಾಡಿತು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದು "ಅಮ್ಮಾ, ಹಿಂದಕ್ಕೆ ಜಾರಿ ಹೋಗ್ತೀವಾ?" ಅಂದಳು. ಇಲ್ಲ ಪುಟ್ಟಿ ಅಂದೆ. ಯಾಕೆ ಇಲ್ಲ ಅಂತ ನನಗೇ ಗೊತ್ತಿರಲಿಲ್ಲ. ಅವಳಿಗೆ ಸರಿಯಾದ ಉತ್ತರ ಕೊಡಬೇಕು. ಗೊತ್ತಿರುವವರು ದಯವಿಟ್ಟು ಹೇಳಿ.

ಹಗ್ಗದ ಕೆಲಸ:
ಅಕ್ಕಾ, ನಾನು ಯೂಟಾದಲ್ಲಿ ಆರು ವರ್ಷದಿಂದ ಲಿಫ್ಟ್ ಮೆಕ್ಯಾನಿಕ್. ನಿಮ್ಮ ಕುರ್ಚಿಯನ್ನು ಹಗ್ಗಕ್ಕೆ ಕಟ್ಟಿಲ್ಲ, ಅದು ಹಗ್ಗವನ್ನು ಕಚ್ಚಿಕೊಂಡಿದೆ. ಕುರ್ಚಿಯ ಕಂಬಿಯ ತುದಿಯಲ್ಲಿ ಉಕ್ಕಿನ ದವಡೆ ಇರುತ್ತದೆ. ನಾವು ಗ್ರಿಪ್ ಅನ್ನುತ್ತೇವೆ. ಒಳಗಿನ ದಪ್ಪ ಸ್ಪ್ರಿಂಗ್ ಸದಾ ಮುಚ್ಚುವ ಕಡೆಗೇ ಒತ್ತುತ್ತದೆ. ಕರೆಂಟ್ ಹೋದರೂ ದವಡೆ ಬಿಡುವುದಿಲ್ಲ. ಬಿಡಿಸುವುದಕ್ಕೇ ಬಲ ಬೇಕು.

ಸ್ಟೇಷನ್ ಒಳಗೆ ಬಂದ ಕೂಡಲೇ ಗ್ರಿಪ್‌ನ ಲಿವರ್ ಮೇಲಿನ ಪುಟ್ಟ ಗಾಲಿ ಒಂದು ಓರೆ ಹಳಿಗೆ ಸಿಕ್ಕುತ್ತದೆ. ಹಳಿ ಲಿವರನ್ನು ಒತ್ತುತ್ತದೆ. ಟಕ್ ಅಂತ ದವಡೆ ತೆರೆದು, ಕುರ್ಚಿ ಹಗ್ಗ ಬಿಟ್ಟು ಬೇರೆ ಹಳಿಗೆ ಬರುತ್ತದೆ. ಅಲ್ಲಿ ಸಾಲಾಗಿ ರಬ್ಬರ್ ಟೈರ್‌ಗಳು ತಿರುಗುತ್ತಿರುತ್ತವೆ, ಒಂದಕ್ಕಿಂತ ಮುಂದಿನದು ಸ್ವಲ್ಪ ನಿಧಾನ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದ ಕುರ್ಚಿ ಅವಕ್ಕೆ ಉಜ್ಜಿಕೊಂಡು 1 ಮೀಟರ್ ಆಸುಪಾಸಿಗೆ ಇಳಿಯುತ್ತದೆ. ಹೊರಡುವಾಗ ಇದರ ಉಲ್ಟಾ. ವೇಗ ಹಗ್ಗಕ್ಕೆ ಸಮ ಆದ ಮೇಲೇ ದವಡೆ ಮುಚ್ಚುತ್ತದೆ. ಹಿಡಿತ ಸಾಲದಿದ್ದರೆ ಅಲ್ಲಿರುವ ಸೆನ್ಸರ್ ಇಡೀ ಲಿಫ್ಟನ್ನು ನಿಲ್ಲಿಸುತ್ತದೆ. ಈ ಬಗೆಯ ನಾಲ್ಕು ಸೀಟಿನ ವೇಗದ ಲಿಫ್ಟ್ ಮೊದಲು ಬಂದಿದ್ದು ನಿಮ್ಮ ಕೊಲರಾಡೊದಲ್ಲೇ, 1981ರಲ್ಲಿ, ಬ್ರೆಕೆನ್‌ರಿಜ್‌ನಲ್ಲಿ.

ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ಎರಡು ಕೊಡದ ರಾಟೆ ನೆನಪಿದೆಯಾ? ಹತ್ತುವ ಕುರ್ಚಿಯ ಭಾರವನ್ನು ಇಳಿಯುವ ಕುರ್ಚಿ ಸರಿದೂಗಿಸುತ್ತದೆ. ಉಳಿಯುವುದು ಹತ್ತುವ ಕಡೆ ಕೂತ ಜನರ ಭಾರ. ಮೋಟಾರ್ ಕೈಬಿಟ್ಟು ಬ್ರೇಕೂ ಇಲ್ಲದಿದ್ದರೆ ಲಿಫ್ಟ್ ಹಿಂದಕ್ಕೆ ತಿರುಗುತ್ತದೆ. 2018ರ ಮಾರ್ಚ್‌ನಲ್ಲಿ ಜಾರ್ಜಿಯಾ ದೇಶದ ಗುಡೌರಿಯಲ್ಲಿ ಹಾಗೆ ಹಿಂದಕ್ಕೆ ಓಡಿ ಜನರಿಗೆ ಪೆಟ್ಟಾಯಿತು. ಅದಕ್ಕೇ ಮೋಟಾರ್ ಬಳಿ ಒಂದು ಬ್ರೇಕ್, ಹಗ್ಗವನ್ನು ಓಡಿಸುವ ದೊಡ್ಡ ಚಕ್ರದ ಅಂಚನ್ನೇ ಹಿಡಿಯುವ ಇನ್ನೊಂದು. ಚಕ್ರದ ಬ್ರೇಕನ್ನು ಮುಚ್ಚುವುದೂ ಸ್ಪ್ರಿಂಗೇ. ಎಣ್ಣೆಯ ಒತ್ತಡ ಅದನ್ನು ತೆರೆದಿಟ್ಟಿರುತ್ತದೆ, ಒತ್ತಡ ಹೋದರೆ ತಾನೇ ಹಿಡಿಯುತ್ತದೆ. ತೂಗಾಡಿದ್ದಕ್ಕೆ ಹೆದರಬೇಡಿ. ಒಣಹಾಕುವ ತಂತಿಗೆ ಒದ್ದೆ ಸೀರೆ ಹಾಕಿ ಕೈಬಿಟ್ಟರೆ ಕುಣಿಯುತ್ತಲ್ಲ, ಅಷ್ಟೇ.

ಹಾಸನದ ಫಿಸಿಕ್ಸ್ ಮೇಷ್ಟ್ರು:
ಲೆಕ್ಕ ನಾನು ಹಾಕುತ್ತೇನೆ. ಗಂಟೆಗೆ 2400 ಜನ, ಸ್ಕೀ ಸೇರಿ ತಲಾ 80 ಕೆ.ಜಿ., 400 ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ಜನರನ್ನು ಎತ್ತುವುದಕ್ಕೇ ಸುಮಾರು 210 ಕಿಲೋವ್ಯಾಟ್ ಬೇಕು. ಉಜ್ಜಾಟಕ್ಕೆ ಹೋಗುವುದು ಬೇರೆ.

ಚಕ್ರದ ಮೇಲೆ ಹಗ್ಗ ಯಾಕೆ ಜಾರಲ್ಲ? ಹೋರಿಯ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿದರೆ ಹುಡುಗನೂ ಹಿಡಿಯಬಲ್ಲ. ಇಲ್ಲಿ ಅರ್ಧ ಸುತ್ತು. ಘರ್ಷಣಾಂಕ (ಹಗ್ಗಕ್ಕೂ ಚಕ್ರಕ್ಕೂ ನಡುವಿನ ಉಜ್ಜಾಟದ ಅಳತೆ) 0.2 ಆದರೆ, ಒಂದು ಕಡೆಯ ಎಳೆತ ಇನ್ನೊಂದರ 1.87 ಪಟ್ಟು ಆಗುವವರೆಗೂ ಜಾರುವುದಿಲ್ಲ. ಚಕ್ರ ದೊಡ್ಡದೋ ಚಿಕ್ಕದೋ ಅನ್ನುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಪ್ರತಿ ವರ್ಷ ಪಾಠ ಮಾಡುವಾಗಲೂ ನನಗೆ ಇದು ಹೊಸದಾಗಿ ಖುಷಿ ಕೊಡುತ್ತದೆ.

ಡೆನ್ವರ್ ಅಮ್ಮ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ಈಗ ಎರಡು ಪ್ರಶ್ನೆ ಅವಳವೇ. ಕುರ್ಚಿ ಹಗ್ಗವನ್ನು ಬಿಡದ ಹಳೇ ಲಿಫ್ಟ್‌ಗಿಂತ ಇದು ಎರಡರಷ್ಟು ವೇಗ ಅಂದರೆ ಎರಡರಷ್ಟು ಜನ ಹೋಗ್ತಾರಾ? ಹಗ್ಗದ ಗಂಟು ಎಲ್ಲಿ?

ಹಗ್ಗದ ಕೆಲಸ:
ಜನ ಜಾಸ್ತಿ ಆಗಲ್ಲ. ಹತ್ತಿ ಕೂರುವುದಕ್ಕೆ ಆರು ಸೆಕೆಂಡ್ ಬೇಕು ಅಂದರೆ ಆರು ಸೆಕೆಂಡಿಗೆ ಒಂದೇ ಕುರ್ಚಿ ಬರಬೇಕು. ಸೆಕೆಂಡಿಗೆ 2.5 ಮೀಟರ್ ಓಡುವ ಹಳೇ ಲಿಫ್ಟ್‌ನಲ್ಲಿ 15 ಮೀಟರಿಗೊಂದು ಕುರ್ಚಿ, ವೇಗದ್ದರಲ್ಲಿ 30 ಮೀಟರಿಗೊಂದು. ದಾರಿಯ ಸಮಯ ಅರ್ಧ ಆಗುತ್ತದೆ, ಕ್ಯೂ ಅಷ್ಟೇ ಇರುತ್ತದೆ.

ಗಂಟು ಇಲ್ಲ ಪುಟ್ಟಿ. ಹಗ್ಗದಲ್ಲಿ ಆರು ಹುರಿ, ನಡುವೆ ಒಂದು ತಿರುಳು. ಎರಡೂ ತುದಿಗಳನ್ನು ಬಿಚ್ಚಿ, ಈ ಕಡೆಯ ಹುರಿ ತೆಗೆದ ಜಾಗಕ್ಕೆ ಆ ಕಡೆಯ ಹುರಿಯನ್ನು ಸುತ್ತುತ್ತೇವೆ. ತುದಿ ಉಳಿದಾಗ ಅಲ್ಲಿನ ತಿರುಳು ತೆಗೆದು ಅದನ್ನು ಒಳಗೆ ಸೇರಿಸುತ್ತೇವೆ. ಅಂಟು, ಬೆಸುಗೆ ಏನೂ ಇಲ್ಲ. ಹಗ್ಗವನ್ನು ಎಳೆದಷ್ಟೂ ಹೊರಗಿನ ಹುರಿಗಳು ಒಳಗಿನ ತುದಿಯನ್ನು ಬಿಗಿಯಾಗಿ ಹಿಂಡುತ್ತವೆ. ಹೀಗೆ ಹೆಣೆದ ಭಾಗ ಹಗ್ಗದ ದಪ್ಪದ 1200 ಪಟ್ಟು ಉದ್ದ ಇರುತ್ತದೆ. 40 ಮಿ.ಮೀ. ಹಗ್ಗಕ್ಕೆ 48 ಮೀಟರ್! ನಾನು ಮೊದಲ ಸಲ ಈ ಕೆಲಸಕ್ಕೆ ನಿಂತಾಗ ಹಿಮದ ಮೇಲೆ ಹತ್ತು ಜನ ಸಾಲಾಗಿ ಬಗ್ಗಿ ಹೆಣೆದಿದ್ದೆವು. ಸಂಜೆ ಅದೇ ಹಗ್ಗದ ಮೇಲೆ ಕೈಯಾಡಿಸಿದರೆ ಹೆಣೆದ ಜಾಗ ಎಲ್ಲಿ ಶುರು ಆಗುತ್ತೆ ಅಂತ ಬೆರಳಿಗೆ ತಿಳಿಯಲೇ ಇಲ್ಲ.