ಕಡಿಮೆ ಬಜೆಟ್ ಪಿಸಿ: ದುಡ್ಡು ಬೋರ್ಡಿಗೆ ಹಾಕ್ಲಾ, ಪ್ರೊಸೆಸರ್‌ಗಾ?

ಮಗಳು ಇಂಜಿನಿಯರಿಂಗ್ ಸೇರ್ತಿದಾಳೆ, ಮನೇಗೊಂದು ಡೆಸ್ಕ್‌ಟಾಪ್ ಜೋಡಿಸ್ಬೇಕು. ಮಾನಿಟರ್ ಬಿಟ್ಟು 35 ಸಾವಿರ. ಗ್ರಾಫಿಕ್ಸ್ ಕಾರ್ಡ್ ಈಗ ಬೇಡ, ಮುಂದೆ ಹಾಕೋ ಹಾಗಿರ್ಬೇಕು. ಅಂಗಡಿಯವ್ರು ಎಚ್610 ಮದರ್‌ಬೋರ್ಡು, ಇಂಟೆಲ್ ಐ3-12100 ಪ್ರೊಸೆಸರ್ ಅಂತಿದಾರೆ. ಮಾಡಿಸಿದವ್ರು ಅನುಭವ ಹೇಳಿ.

ತುಮಕೂರಿನವ: ಬೋರ್ಡಲ್ಲಿ ಉಳಿಸೋಕೆ ಹೋಗ್ಬೇಡಿ ಸಾರ್, ನಾನು ಪಟ್ಟಿದ್ದು ಸಾಕು. 2017ರ ಬೇಸಿಗೆಲಿ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಇಡೀ ದಿನ ಅಲೆದು ಪೆಂಟಿಯಮ್ ಜಿ4560 ಪ್ರೊಸೆಸರ್, ಎಚ್110 ಬೋರ್ಡು ತಗೊಂಡೆ, ಎರಡೂ ಸೇರಿ 8,600. ಆಮೇಲೆ ಹೊಸ ಐ5 ಹಾಕ್ಕೊಂಡ್ರಾಯ್ತು ಅನ್ನೋ ಲೆಕ್ಕ. ಅದೇ ಅಕ್ಟೋಬರಲ್ಲಿ ಇಂಟೆಲ್ 8ನೇ ಜನರೇಶನ್ ಬಂತು, ಸಾಕೆಟ್ (ಪ್ರೊಸೆಸರ್ ಕೂರೋ ಜಾಗ) ಹೆಸರು ಅದೇ 1151, ಆದ್ರೆ ಅದಕ್ಕೆ 300 ಸೀರೀಸ್ ಬೋರ್ಡೇ ಬೇಕು, ನನ್ನದಕ್ಕೆ ಆಗಲ್ಲ! ನನ್ ಬೋರ್ಡಲ್ಲಿ ಎಸ್‌ಎಸ್‌ಡಿ ಸ್ಟೋರೇಜ್ ಕೂರ್ಸೋ ಎಂ.2 ಸ್ಲಾಟ್ ಇಲ್ಲ, ಇರೋದೇ ಎರಡು ರ‍್ಯಾಮ್ ಸ್ಲಾಟು, ಎರಡಕ್ಕೂ 4 ಜಿಬಿ ತುಂಬ್ಸಿದ್ದೆ, 16 ಮಾಡೋವಾಗ ಎರಡನ್ನೂ ಕಿತ್ತು 900 ರೂಪಾಯಿಗೆ ಮಾರಿದೆ.

ಹುಬ್ಬಳ್ಳಿಯಾಂವ: ಖರೆ ಐತ್ರಿ. ನಾ 2019ರಾಗ ಎಎಂಡಿ ಕಂಪನಿ ಪ್ರೊಸೆಸರ್ ಕೂಡ್ರೂ ಬಿ450 ಬೋರ್ಡಿಗೆ 6,800 ಕೊಟ್ಟೆ, ಮನ್ಯಾಗ ಎಲ್ಲಾರೂ ಬೈದ್ರು. ಪ್ರೊಸೆಸರ್ ಸಣ್ಣದು, ರೈಜನ್ 3 2200ಜಿ. ಅದ ಬೋರ್ಡಿನ್ಯಾಗ 2023ರಾಗ, ಮೊದ್ಲ ಬಯೋಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ರೈಜನ್ 5 5600 ಕುಂದ್ರಿಸೀನಿ. ಆ 5600ದಾಗ ಒಳಗಿನ ಗ್ರಾಫಿಕ್ಸ್ ಇಲ್ಲ, ಕಾರ್ಡಿನ ಖರ್ಚು ಬ್ಯಾರೆ ಬಂತು. ಹಳೇದು ತಗಿಯೂ ಮುಂದ ಫ್ಯಾನ್ ಎಳದೆ, ನಡುವ ಹಚ್ಚಿದ್ದ ಥರ್ಮಲ್ ಪೇಸ್ಟ್ ಹಿಡ್ಕೊಂಡು ಪ್ರೊಸೆಸರೂ ಕಿತ್ಕೊಂಡು ಬಂತು! 1331 ಪಿನ್ನಿನ್ಯಾಗ ಮೂಲಿ ಮೂರು ಬಗ್ಗಿದ್ವು. ಮಗನ ಪೆನ್ ಪೆನ್ಸಿಲ್ಲಿನ ಕಡ್ಡಿ ತಗದು, ಆ ತೂತಿನ್ಯಾಗ ಒಂದೊಂದ ಪಿನ್ನು ಇಟ್ಟು ನೆಟ್ಟಗ ಮಾಡೀನಿ, ಉಸಿರು ಹಿಡ್ಕೊಂಡು. ನೀವು ಹತ್ತು ನಿಮಿಷ ಮಷೀನ್ ಓಡಿಸಿ ಬಿಸಿ ಮಾಡ್ರಿ, ಆಮ್ಯಾಲೆ ಫ್ಯಾನು ತಿರುವಿ ತಗೀರಿ.

ಜಯನಗರ ಅಮ್ಮ: ಸಾಕೆಟ್ ಕಥೆ ಹೇಳಿ ಎಚ್610ನ ಯಾಕೆ ಹೆದರಿಸ್ತೀರಾ? ಅದ್ರಲ್ಲಿ 12, 13, 14 ಮೂರೂ ಜನರೇಶನ್ ಕೂರುತ್ತೆ, ಕಾರ್ಡಿಗೆ ಉದ್ದದ ಸ್ಲಾಟೂ ಇದೆ. ನನ್ ಮನೇಲಿ ಅದೇ 12100, ಮೂರು ವರ್ಷದಿಂದ ಒಂದು ದಿನ ಕೈಕೊಟ್ಟಿಲ್ಲ. ನಾನು ಕೆಟ್ಟಿದ್ದು ಪವರ್ ಸಪ್ಲೈಲಿ. ಹಿಂದಿನ ಪಿಸಿಲಿ ಕ್ಯಾಬಿನೆಟ್ ಜೊತೆ ಬಂದಿದ್ದನ್ನೇ ಬಿಟ್ಟಿದ್ದೆ, ಒಂದು ಸಂಜೆ ಕರೆಂಟು ಹೋಗಿ ಬಂತು, ಟಪ್ ಅಂತು, ಬೋರ್ಡು ಹಾರ್ಡ್ ಡಿಸ್ಕ್ ಎರಡೂ ಹೋಯ್ತು, ಮಗನ ಆರು ವರ್ಷದ ಫೋಟೋ ಅದ್ರಲ್ಲೇ ಇತ್ತು. ಈ ಸಲ ಸಪ್ಲೈಗೇ 4,200 ಕೊಟ್ಟೆ. ರ‍್ಯಾಮ್ ಒಂದೇ 16 ಹಾಕಿ, ಇನ್ನೊಂದು ಸ್ಲಾಟ್ ಖಾಲಿ ಇರ್ಲಿ.

ಹುಬ್ಬಳ್ಳಿಯಾಂವ: ಒಂಟಿ ರ‍್ಯಾಮ್ ಹಾಕಂತ ಹೇಳಬ್ಯಾಡ್ರಿ ಅಕ್ಕಾರ. ಕಾರ್ಡ್ ಇಲ್ಲಂದ್ರ ಒಳಗಿನ ಗ್ರಾಫಿಕ್ಸು ರ‍್ಯಾಮಿನ ಮ್ಯಾಲೇ ನಡೀತೈತಿ, ಜೋಡಿ ಇಲ್ಲಾಂದ್ರ ಕುಂಟತೈತಿ. ನಾ ನಾಕ್ ತಿಂಗಳು ಒಂಟಿ 8ರಾಗ ಒದ್ದಾಡೀನಿ.

ಜಯನಗರ ಅಮ್ಮ: ಆ ಹುಡುಗಿ ಕೋಡಿಂಗ್ ಮಾಡೋದು, ಗೇಮ್ ಆಡೋದಲ್ಲ! ಮೊದ್ಲು ಪ್ರಶ್ನೆ ಓದಿ.

ತುಮಕೂರಿನವ: ಮೇಡಮ್, 12100 ಹಾಕಿದವ್ರಿಗೆ ಎಚ್610 ಸರಿ. ಅದ್ರ ಮೇಲೆ ಐ7 ಕೂರ್ಸಿ, ಹೀಟ್‌ಸಿಂಕ್ ಇಲ್ದಿರೋ ಆ ವಿಆರ್‌ಎಂ (ಪ್ರೊಸೆಸರ್‌ಗೆ ಕರೆಂಟು ಕೊಡೋ ಭಾಗ) ಕಾದು ಸ್ಪೀಡ್ ಇಳಿಯತ್ತೆ. ಕೂರೋದು ಬೇರೆ, ಓಡೋದು ಬೇರೆ.

ಶಿವಮೊಗ್ಗ: ನೀವು ಜಗಳ ಆಡ್ತಾ ಇರಿ, ನಾನು 11,000 ಕೊಟ್ಟು ಆಫೀಸಿಂದು ಹಳೇ ಬ್ರ್ಯಾಂಡೆಡ್ ಡಬ್ಬ ತಂದೆ. ಕಾರ್ಡ್ ಹಾಕೋಣ ಅಂತ ತೆಗೆದ್ರೆ ಸಪ್ಲೈ 180 ವ್ಯಾಟು, ಕನೆಕ್ಟರ್ ಅವ್ರದ್ದೇ ಬೇರೆ ಥರ, ಪೇಟೆದು ಯಾವ್ದೂ ಕೂರಲ್ಲ. ಬಿಲ್ಲೂ ಇಲ್ಲ, ವಾಪಸ್ ತಗೊಳಲ್ಲ ಅಂದ್ರು.

ತುಮಕೂರಿನವ: ಬಿಲ್ ಇಲ್ದೆ 11,000 ಯಾಕೆ ಕೊಟ್ರಿ?

ಶಿವಮೊಗ್ಗ: ಜಿಎಸ್‌ಟಿ ಸೇರಿದ್ರೆ ಹತ್ರ 13,000 ಆಗ್ತಿತ್ತು. ಆ 2,000 ಕೂಡ ನನ್ ಹತ್ರ ಇರ್ಲಿಲ್ಲ ಸಾರ್ ಆವತ್ತು.